ಡೈ ಹಾಕುವ ಮುನ್ನ ಕೇಳುವ, ತಡೆಯುವ ಅಧಿಕಾರ ಶುಶ್ರೂಷಾಧಿಕಾರಿಗಿರಲಿ

ಶಿವಮೊಗ್ಗ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಹಾಗೂ ಜಿಲ್ಲೆಯ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಮತ್ತು ಸ್ಕ್ಯಾನಿಂಗ್ ಕೇಂದ್ರಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸಿ.ಟಿ. ಸ್ಕ್ಯಾನ್ ಮತ್ತು ಆಂಜಿಯೋಗ್ರಾಂ ಮಾಡುವಾಗ ರಕ್ತನಾಳದೊಳಕ್ಕೆ ಬಿಡುವ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ಔಷಧವನ್ನು ನಮ್ಮ ಜನರು ‘ಡೈ’ ಎನ್ನುತ್ತಾರೆ. ಆ ಔಷಧದಿಂದ ಕೆಲವು ರೋಗಿಗಳ ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಸಾಧ್ಯತೆ ಇದೆ. ಅದನ್ನು ತಡೆಯುವ ಕೆಲಸದ ಬಹುಪಾಲು ಶುಶ್ರೂಷಾಧಿಕಾರಿಗಳ ಕೈಯಲ್ಲೇ ಇದ್ದರೂ, ಅದು ನಮ್ಮ ಕೆಲಸವೆಂದು ಎಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲದ ಕಾರಣ ಒಂದು ಕಡೆ ನಡೆಯುತ್ತದೆ, ಇನ್ನೊಂದು ಕಡೆ ನಡೆಯುವುದಿಲ್ಲ. ಡೈ ಹಾಕುವ ಮುನ್ನ ವಿಚಾರಿಸುವ, ತುರ್ತಿಲ್ಲದಿದ್ದಾಗ ವೈದ್ಯರ ಉತ್ತರ ಬರುವವರೆಗೆ ನಿಲ್ಲಿಸುವ ಮತ್ತು ಆಮೇಲೆ ರೋಗಿಯ ಜಾಡು ಹಿಡಿದು ಕೇಳುವ ಅಧಿಕಾರವನ್ನು ಲಿಖಿತ ಆದೇಶದ ಮೂಲಕ ಶುಶ್ರೂಷಾಧಿಕಾರಿಗಳಿಗೆ ಕೊಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ಜಿಲ್ಲೆಯ ವಾರ್ಡುಗಳಲ್ಲಿಯೂ ಕೆಲಕಾಲ ಸ್ಕ್ಯಾನಿಂಗ್ ವಿಭಾಗದಲ್ಲಿಯೂ ಕೆಲಸ ಮಾಡಿದವಳು.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಡೈ ಎಂದರೆ ಕಿಡ್ನಿ ಹಾಳಾಗುತ್ತದೆ ಎಂಬ ಭಯವನ್ನು ಹರಡುವುದು ಈ ಪತ್ರದ ಉದ್ದೇಶವಲ್ಲ. ಆ ಭಯದಿಂದಲೂ ನಮ್ಮ ಜನರಿಗೆ ಹಾನಿಯಾಗಿದೆ. ಬೇಕಾದ ಸ್ಕ್ಯಾನ್ ಬೇಡವೆಂದು ಮನೆಗೆ ಹೋಗಿ, ಹೊಟ್ಟೆಯೊಳಗಿನ ಗಡ್ಡೆಯನ್ನು ತಿಂಗಳುಗಟ್ಟಲೆ ಬೆಳೆಸಿಕೊಂಡು ಮರಳಿ ಬಂದವರನ್ನು ನಾವೆಲ್ಲ ನೋಡಿದ್ದೇವೆ. ಹಿಂದೆ ವೈದ್ಯಲೋಕವೇ ಈ ಅಪಾಯವನ್ನು ಅದರ ನಿಜವಾದ ಅಳತೆಗಿಂತ ದೊಡ್ಡದಾಗಿ ಎಣಿಸಿತ್ತು. ಡೈ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿದ ಅಧ್ಯಯನಗಳು ಬಂದಾಗ, ಡೈಯಿಂದ ಆಯಿತೆಂದುಕೊಂಡಿದ್ದ ಎಷ್ಟೋ ಹಾನಿ ನಿಜವಾಗಿ ರೋಗಿಯ ಮೂಲ ಕಾಯಿಲೆಯಿಂದಲೇ ಆಗಿದ್ದೆಂದು ತಿಳಿಯಿತು. ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ಜಂಟಿಯಾಗಿ ಕೊಟ್ಟ ಹೇಳಿಕೆಯ ಸಾರವೂ ಇದೇ: ಸಿರೆಯ ಮೂಲಕ ಡೈ ಹಾಕಿಸಿಕೊಳ್ಳುವ ಬಹುಪಾಲು ಜನರಿಗೆ ಅಪಾಯ ಬಹಳ ಕಡಿಮೆ. ಇಜಿಎಫ್‌ಆರ್, ಅಂದರೆ ಮೂತ್ರಪಿಂಡದ ಸೋಸುವ ಶಕ್ತಿಯ ಅಂದಾಜು, 30ಕ್ಕಿಂತ ಕೆಳಗಿರುವವರಲ್ಲಿ ಮತ್ತು ಆಗಲೇ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಿರುವವರಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಆಂಜಿಯೋಗ್ರಾಂನಲ್ಲಿ ಅಪಧಮನಿಯ ಮೂಲಕ ಹೋಗುವ ಡೈ ಹೆಚ್ಚು ಗಾಢವಾಗಿ ಮೂತ್ರಪಿಂಡವನ್ನು ತಲುಪಬಹುದಾದ್ದರಿಂದ, ಅಂಥ ಸಂದರ್ಭಕ್ಕೆ ಯುರೋಪಿನ ಮಾರ್ಗಸೂಚಿ 45ರ ಗಡಿಯನ್ನು ಇಟ್ಟುಕೊಂಡಿದೆ. ಎಂ.ಆರ್.ಐ.ಗೆ ಬಳಸುವ ಗ್ಯಾಡೋಲಿನಿಯಂ ಔಷಧದ ಪ್ರಶ್ನೆ ಬೇರೆಯೇ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ಹಾಗಾದರೆ ಸಾಲಿನಲ್ಲಿ ಕುಳಿತಿರುವ ಜನರ ನಡುವೆ ಆ ಕೆಲವರು ಯಾರೆಂದು ಗುರುತಿಸುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಇಂದಿಗೂ ಕ್ರಿಯೇಟಿನಿನ್ ವರದಿಯ ಮೇಲೆ ಕಣ್ಣಾಡಿಸಿ, ‘ಒಂದೂಕಾಲರ ಒಳಗಿದೆ, ಹಾಕಬಹುದು’ ಎಂದು ಮುಂದೆ ಕಳಿಸುವ ರೂಢಿ ಹಲವೆಡೆ ಇದೆ. ಕ್ರಿಯೇಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಸ; ಅದು ಹುಟ್ಟುವುದು ಸ್ನಾಯುವಿನಿಂದ. ಮೈಯಲ್ಲಿ ಮಾಂಸವಿಲ್ಲದ ವೃದ್ಧೆಯ ಮೂತ್ರಪಿಂಡ ಅರ್ಧಕ್ಕರ್ಧ ಸೋತಿದ್ದರೂ ಅವರ ವರದಿ ನೋಡಲು ಚೆನ್ನಾಗಿಯೇ ಇರುತ್ತದೆ. 1.2 ಎಂಬ ಒಂದೇ ಕ್ರಿಯೇಟಿನಿನ್ ಅಂಕಿಯನ್ನು ಇಜಿಎಫ್‌ಆರ್ ಲೆಕ್ಕಹಾಕುವ 2021ರ ಸಿಕೆಡಿ-ಎಪಿಐ ಸೂತ್ರಕ್ಕೆ ಹಾಕಿ ನೋಡಿದರೆ, 25 ವರ್ಷದ ಯುವಕನಿಗೆ ಇಜಿಎಫ್‌ಆರ್ ಸುಮಾರು 86 ಬರುತ್ತದೆ; 70 ವರ್ಷದ ಹೆಂಗಸಿಗೆ 50ಕ್ಕೂ ಕೆಳಗೆ ಇಳಿಯುತ್ತದೆ. ಅದೇ ವಯಸ್ಸಿನ ಹೆಂಗಸಿನ ಕ್ರಿಯೇಟಿನಿನ್ 1.9 ಆಗಿದ್ದರೆ ಅವರು 30ರ ಗಡಿಯನ್ನು ದಾಟಿ ಕೆಳಗೆ ಹೋಗಿರುತ್ತಾರೆ. ಈ ಲೆಕ್ಕಕ್ಕೆ ಬೇಕಾದದ್ದು ವಯಸ್ಸು, ಲಿಂಗ ಮತ್ತು ಕ್ರಿಯೇಟಿನಿನ್ ಮಾತ್ರ. ಮೊಬೈಲ್ ಫೋನಿನಲ್ಲಿ ಅರ್ಧ ನಿಮಿಷ ಸಾಕು. ಪ್ರಯೋಗಾಲಯದ ವರದಿಯಲ್ಲಿಯೇ ಇಜಿಎಫ್‌ಆರ್ ಅಚ್ಚಾಗಿ ಬರುವಂತೆ ಮಾಡಿದರೆ ಅದೂ ಬೇಡ. ಆ ಅಂಕಿ ಕಡತದ ಮೇಲೆ ಬರೆಯದೆ ರೋಗಿಯನ್ನು ಸ್ಕ್ಯಾನಿಂಗ್ ಮೇಜಿಗೆ ಹತ್ತಿಸಬಾರದೆಂಬ ನಿಯಮವಾದರೆ, ಅದನ್ನು ಪ್ರತಿದಿನ ಪಾಲಿಸುವವರು ನಾವು.

ಮಲೆನಾಡಿನ ರೋಗಿಯ ವಿಷಯದಲ್ಲಿ ಅಂಕಿಗಿಂತ ಮೊದಲು ಗಮನಿಸಬೇಕಾದದ್ದು ನೀರು. ಈ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಸ್ಕ್ಯಾನಿಂಗ್ ಕೋಣೆಯೊಳಗಿಂದ ನೋಡಿದವರಿಗೆ ಇದು ಕಾಣಿಸುವುದಿಲ್ಲ. ಹೊಸನಗರದ ನಗರ ಹೋಬಳಿಯಿಂದಲೋ, ಸಾಗರದ ತುಮರಿ ಕಡೆಯಿಂದಲೋ, ಆಗುಂಬೆಯಿಂದಲೋ ಶಿವಮೊಗ್ಗಕ್ಕೆ ಸ್ಕ್ಯಾನಿಂಗ್‌ಗೆ ಬರುವವರು ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾರೆ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಫೋನಿನಲ್ಲಿ ಹೇಳಿದ ಮಾತು ಊರು ಮುಟ್ಟುವ ಹೊತ್ತಿಗೆ ‘ನೀರೂ ಮುಟ್ಟಬೇಡಿ’ ಎಂದಾಗಿರುತ್ತದೆ. ಹೇಳದಿದ್ದರೂ ಹೆಂಗಸರು ಕುಡಿಯುವುದಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಇಳಿಯಲು ಜಾಗವಿಲ್ಲ, ಬಸ್ಸು ನಿಲ್ಲಿಸಿ ಎಂದು ಕೇಳಲು ಸಂಕೋಚ. ಇಲ್ಲಿಗೆ ಬಂದು ಚೀಟಿ ಮಾಡಿಸಿ, ಹಣ ಕಟ್ಟಿ, ಸರದಿ ಕಾದು, ಹೆಸರು ಕೂಗುವಾಗ ಮಧ್ಯಾಹ್ನ ಕಳೆದಿರುತ್ತದೆ. ‘ನಿನ್ನೆ ರಾತ್ರಿ ಊಟ ಆದ್ಮೇಲೆ ಗಂಟ್ಲು ಒದ್ದೆ ಮಾಡಿಲ್ಲ ಸಿಸ್ಟರ್’ ಎಂದು, ತಾವು ಆಸ್ಪತ್ರೆಯ ಮಾತನ್ನು ನಿಷ್ಠೆಯಿಂದ ನಡೆಸಿದ್ದೇವೆಂಬ ಸಮಾಧಾನದಲ್ಲಿ ಅವರು ಹೇಳುವಾಗ, ನಾಲಿಗೆ ಒಣಗಿ ಹೋಗಿರುತ್ತದೆ. ಆ ಸ್ಥಿತಿಯಲ್ಲಿ ಡೈ ಒಳಗೆ ಹೋಗುತ್ತದೆ.

ಮೂತ್ರಪಿಂಡದ ಒಳಭಾಗಕ್ಕೆ ಆರೋಗ್ಯವಂತರಲ್ಲಿಯೂ ಆಮ್ಲಜನಕ ಸಿಗುವುದು ಕಡಿಮೆ. ಡೈ ಅಲ್ಲಿನ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತದೆ, ಮೂತ್ರನಾಳಿಕೆಗಳಲ್ಲಿ ದ್ರವವನ್ನು ಮಂದಗೊಳಿಸುತ್ತದೆ ಮತ್ತು ನಾಳಿಕೆಗಳ ಜೀವಕೋಶಗಳಿಗೆ ನೇರವಾಗಿಯೂ ತೊಂದರೆ ಕೊಡುತ್ತದೆ. ದೇಹದಲ್ಲಿ ನೀರಿನಂಶ ಸಾಕಷ್ಟಿದ್ದರೆ ಅದು ತೆಳುವಾಗಿ ಬೇಗ ಹೊರಹೋಗುತ್ತದೆ. ಇಲ್ಲದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಈಗ ಬಳಕೆಯಲ್ಲಿರುವ ಡೈ ಔಷಧಗಳಿಗೆ ಹಿಂದಿನಂತೆ ದೀರ್ಘ ಉಪವಾಸ ಬೇಕಿಲ್ಲವೆಂದು ಅಮೆರಿಕದ ಮತ್ತು ಯುರೋಪಿನ ರೇಡಿಯಾಲಜಿ ಮಾರ್ಗಸೂಚಿಗಳೆರಡೂ ಹೇಳುತ್ತವೆ. ಅರಿವಳಿಕೆ ಬೇಕಾದಾಗ ಅಥವಾ ವೈದ್ಯರು ನಿರ್ದಿಷ್ಟ ಕಾರಣಕ್ಕೆ ಸೂಚಿಸಿದಾಗ ಹೊರತು, ನೀರು ಕುಡಿದು ಬರುವುದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ನನ್ನ ಮೊದಲ ಬೇಡಿಕೆಗೆ ಹಣ ಬೇಕಾಗಿಲ್ಲ. ಸ್ಕ್ಯಾನಿಂಗ್‌ಗೆ ದಿನ ಗೊತ್ತುಮಾಡುವಾಗ ಕೊಡುವ ಚೀಟಿಯ ಮೇಲೆ, ಎಷ್ಟು ಹೊತ್ತಿನವರೆಗೆ ಏನನ್ನು ತಿನ್ನಬಹುದು, ನೀರನ್ನು ಯಾವಾಗಿನವರೆಗೆ ಕುಡಿಯಬಹುದು ಎಂಬುದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಅಚ್ಚುಹಾಕಿಸಿ. ದೂರದಿಂದ ಬರುವವರಿಗೂ ವಯಸ್ಸಾದವರಿಗೂ ಬೆಳಗಿನ ಸರದಿಯಲ್ಲಿ ಮೊದಲ ಸ್ಥಾನ ಕೊಡಿ. ಕಾಯುವ ಜಾಗದಲ್ಲಿ ಕುಡಿಯುವ ನೀರನ್ನೂ ಪಕ್ಕದಲ್ಲೇ ಹೆಂಗಸರಿಗೆ ಶುಚಿಯಾದ ಶೌಚಾಲಯವನ್ನೂ ಇಡಿಸಿ. ಶೌಚಾಲಯವನ್ನು ಮೂತ್ರಪಿಂಡದ ರಕ್ಷಣೆಯ ಭಾಗವೆಂದು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಎಳನೀರಿನ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಡೈ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ. ಅದು ಸಹಜ, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಆದರೆ ಮನೆಯವರು ‘ಉಷ್ಣವಾಗಿದೆ’ ಎಂದು ಹೊರಗೆ ಬಂದ ಕೂಡಲೇ ಎರಡು ಎಳನೀರು ಕುಡಿಸುತ್ತಾರೆ. ಮೂತ್ರಪಿಂಡ ಚೆನ್ನಾಗಿರುವವರಿಗೆ ತೊಂದರೆಯಿಲ್ಲ. ಇಜಿಎಫ್‌ಆರ್ ಬಹಳ ಇಳಿದಿರುವವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ ತರಬಲ್ಲದು. ಇಂಥ ಮಾತನ್ನು ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲಿ, ಅವರ ನಂಬಿಕೆಯನ್ನು ಹಳಿಯದೆ, ಕುಳಿತು ಹೇಳುವ ವ್ಯವಧಾನ ಮತ್ತು ಸಲಿಗೆ ಇರುವುದು ಶುಶ್ರೂಷಾಧಿಕಾರಿಗೇ.

ಔಷಧಗಳ ವಿಚಾರಣೆಯೂ ಹಾಗೆಯೇ. ‘ಯಾವ ಮಾತ್ರೆ ತಗೊಳ್ತೀರಿ?’ ಎಂದು ವೈದ್ಯರು ಕೇಳಿದರೆ ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ಎನ್ನುತ್ತಾರೆ. ನೋವಿನ ಮಾತ್ರೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಔಷಧವೇ ಅಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಹೊರೆ ಹೊತ್ತು ರಾತ್ರಿ ಸುಲಿಯಲು ಕೂರುವವರು, ಗದ್ದೆ ನಾಟಿಯಲ್ಲಿ ದಿನವಿಡೀ ಬಗ್ಗಿ ನಿಲ್ಲುವ ಹೆಂಗಸರು, ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ತಂದು ವಾರಗಟ್ಟಲೆ ನುಂಗುತ್ತಾರೆ. ಈ ಮಾತ್ರೆಗಳು ಮೂತ್ರಪಿಂಡದ ರಕ್ತಸಂಚಾರವನ್ನು ಕುಗ್ಗಿಸುತ್ತವೆ. ಮೈಯಲ್ಲಿ ನೀರಿಲ್ಲದಾಗ ಇನ್ನೂ ಹೆಚ್ಚು. ಹೆಸರು ಹಿಡಿದು, ‘ಸೊಂಟನೋವಿಗೆ, ಮಂಡಿನೋವಿಗೆ ಏನಾದರೂ ತಗೊಂಡಿದ್ದೀರಾ? ಇಂಜೆಕ್ಷನ್ ಹಾಕಿಸಿಕೊಂಡಿದ್ದೀರಾ? ನಾಟಿ ಔಷಧ, ಕಷಾಯ?’ ಎಂದು ಕೇಳಿದಾಗ ಮಾತ್ರ ಉತ್ತರ ಬರುತ್ತದೆ. ವಾರ್ಡಿನಲ್ಲಿರುವವರಿಗೆ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಆ್ಯಂಟಿಬಯಾಟಿಕ್ ನಡೆಯುತ್ತಿದೆಯೇ, ಮೂತ್ರ ಇಳಿಸುವ ಔಷಧ ನಡೆಯುತ್ತಿದೆಯೇ ಎಂಬುದನ್ನು ಚಾರ್ಟ್ ನೋಡಿ ವೈದ್ಯರ ಗಮನಕ್ಕೆ ತರಬೇಕಾದವರೂ ನಾವೇ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬ ತೀರ್ಮಾನ ವೈದ್ಯರದು. ರೋಗಿ ತನ್ನಷ್ಟಕ್ಕೆ ಬಿ.ಪಿ. ಮಾತ್ರೆ ಬಿಟ್ಟುಬಿಡುವುದು ಖಂಡಿತ ಸರಿಯಲ್ಲ, ಅದನ್ನೂ ನಾವೇ ತಿಳಿಸಬೇಕು.

ಮೆಟ್‌ಫಾರ್ಮಿನ್ ಬಗ್ಗೆ ಇರುವ ಗೊಂದಲವನ್ನು ಒಂದು ಸುತ್ತೋಲೆ ತೀರಿಸಬಲ್ಲದು. ಸಕ್ಕರೆ ಕಾಯಿಲೆಯ ಈ ಮಾತ್ರೆ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ಮೂತ್ರಪಿಂಡ ಸೋತರೆ ಅದು ದೇಹದಲ್ಲಿ ಶೇಖರವಾಗಿ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಆದ್ದರಿಂದ ಇಜಿಎಫ್‌ಆರ್ 30ಕ್ಕಿಂತ ಕಡಿಮೆಯಿದ್ದರೆ ಅಥವಾ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಿದ್ದರೆ ಡೈ ಹಾಕುವಾಗ ನಿಲ್ಲಿಸಿ, 48 ಗಂಟೆ ಕಾದು, ಮೂತ್ರಪಿಂಡದ ಪರೀಕ್ಷೆ ನೋಡಿ ಮತ್ತೆ ಆರಂಭಿಸಬಹುದೇ ಎಂದು ವೈದ್ಯರು ತೀರ್ಮಾನಿಸಬೇಕು. ಈಗ ಆಗುತ್ತಿರುವುದೇನೆಂದರೆ, ಒಂದು ಕೇಂದ್ರದಲ್ಲಿ ಎಲ್ಲರಿಗೂ ನಿಲ್ಲಿಸಿ ಎನ್ನುತ್ತಾರೆ, ಇನ್ನೊಂದರಲ್ಲಿ ಯಾರಿಗೂ ಹೇಳುವುದಿಲ್ಲ. ನಿಲ್ಲಿಸಿದವರಿಗೆ ಮತ್ತೆ ಯಾವಾಗ ಶುರುಮಾಡಬೇಕೆಂದು ತಿಳಿಸದ ಕಾರಣ ಅವರು ಸಕ್ಕರೆ ಏರಿಸಿಕೊಂಡು ಬರುತ್ತಾರೆ.

ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿ ಇನ್ನೊಂದು ಬಗೆಯ ರೋಗಿಗಳು ಬರುತ್ತಾರೆ. ಕೆಸರುಗದ್ದೆಯಲ್ಲಿ ಕೆಲಸ ಮಾಡಿ ಇಲಿಜ್ವರ ಬಂದವರು, ತೋಟದಲ್ಲಿ ಹಾವು ಕಚ್ಚಿಸಿಕೊಂಡವರು, ವಾಂತಿಭೇದಿಯಿಂದ ಬಸವಳಿದವರು. ಇವರ ಮೂತ್ರಪಿಂಡ ಗಂಟೆಗಳ ಲೆಕ್ಕದಲ್ಲಿ ಇಳಿಯುತ್ತಿರಬಹುದು. ಕಳೆದ ತಿಂಗಳ ವರದಿ, ಕೊನೆಗೆ ನಿನ್ನೆ ಬೆಳಗಿನ ವರದಿಯೂ ಇಂಥವರ ಮಟ್ಟಿಗೆ ನಂಬಲರ್ಹವಲ್ಲ. ಮೂತ್ರದ ಚೀಲ ನೋಡುವ ನಮಗೆ ವೈದ್ಯರಿಗಿಂತ ಮೊದಲೇ ಅನುಮಾನ ಬರುತ್ತದೆ: 50 ಕಿಲೋ ತೂಕದವರಿಗೆ ಗಂಟೆಗೆ 25 ಮಿ.ಲೀ.ಗಿಂತ ಕಡಿಮೆ ಮೂತ್ರ ಆರು ಗಂಟೆ ಕಾಲ ಹೋದರೆ ಅದು ಎಚ್ಚರಿಕೆಯ ಗಂಟೆ. ಆ ಅನುಮಾನವನ್ನು ಸ್ಕ್ಯಾನಿಂಗ್ ಕೋರಿಕೆಯ ಹಾಳೆಯ ಮೇಲೆ ಬರೆಯಲು ನಮಗೊಂದು ಸಾಲು ಬೇಕು.

ಸಲೈನ್ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಒಂದು ಬಾಟಲಿ ಹಾಕಿಬಿಡುವುದು ತಡೆಗಟ್ಟುವಿಕೆಯಲ್ಲ. ನೆದರ್ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಅಮೇಸಿಂಗ್’ ಎಂಬ ಹೆಸರಿನ ಅಧ್ಯಯನದಲ್ಲಿ, ಇಜಿಎಫ್‌ಆರ್ 30ರಿಂದ 59ರೊಳಗೆ ಇದ್ದವರಿಗೆ ಮುಂಜಾಗ್ರತೆಯ ಸಲೈನ್ ಕೊಡದಿದ್ದರೂ ಫಲಿತಾಂಶ ಕೆಡಲಿಲ್ಲ. ಸುಮಾರು 5,000 ರೋಗಿಗಳಿದ್ದ, 2018ರ ಪ್ರಿಸರ್ವ್ ಅಧ್ಯಯನ ಆಂಜಿಯೋಗ್ರಫಿಗೆ ಒಳಗಾದವರಲ್ಲಿ ನೋಡಿದಾಗ, ಸೋಡಿಯಂ ಬೈಕಾರ್ಬನೇಟ್ ಸಾಮಾನ್ಯ ಸಲೈನ್‌ಗಿಂತ ಮೇಲಲ್ಲವೆಂದೂ ಮೂತ್ರಪಿಂಡದ ರಕ್ಷಣೆಗೆಂದು ಕೊಡುವ ಅಸಿಟೈಲ್‌ಸಿಸ್ಟೀನ್ ಮಾತ್ರೆಯಿಂದ ಪ್ರಯೋಜನವಿಲ್ಲವೆಂದೂ ತಿಳಿಯಿತು. ಹೀಗಿದ್ದೂ ಆ ಮಾತ್ರೆಯನ್ನು ಹೊರಗಿನಿಂದ ತರಿಸುವ ಚೀಟಿಗಳು ನಿಂತಿಲ್ಲ. ಅಪಾಯದ ಗಡಿಯೊಳಗಿರುವವರಿಗೆ ಸಲೈನ್ ಬೇಕು, ಆದರೆ ಅವರಲ್ಲಿ ಅನೇಕರ ಹೃದಯವೂ ದುರ್ಬಲವಾಗಿರುತ್ತದೆ. ವೇಗ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗಂಟೆಗೆ ಕಿಲೋಗೆ 1 ಮಿ.ಲೀ. ಎಂದು ವೈದ್ಯರು ಬರೆದರೆ, 50 ಕಿಲೋ ತೂಕದವರಿಗೆ ಗಂಟೆಗೆ 50 ಮಿ.ಲೀ., 1 ಮಿ.ಲೀ.ಗೆ 20 ಹನಿ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 17 ಹನಿ. ಅದಕ್ಕೆ ರೋಗಿಯ ತೂಕ ತಿಳಿದಿರಬೇಕು, ಹನಿ ಎಣಿಸಬೇಕು, ಮಧ್ಯೆ ಮಧ್ಯೆ ಉಸಿರಾಟ ನೋಡಬೇಕು, ಕಾಲಿನ ಬಾವು ನೋಡಬೇಕು. ತೂಕದ ಯಂತ್ರವೇ ಇಲ್ಲದ ವಾರ್ಡುಗಳಲ್ಲಿ ಈ ಲೆಕ್ಕ ಅಂದಾಜಿನ ಮೇಲೆ ನಡೆಯುತ್ತದೆ.

ನನ್ನ ಅನುಭವದಲ್ಲಿ ರೋಗಿಗಳು ಅತಿ ಹೆಚ್ಚು ಕೈತಪ್ಪಿ ಹೋಗುವುದು ಸ್ಕ್ಯಾನ್ ಮುಗಿದ ಮೇಲೆ. ಡೈಯಿಂದ ಆಗುವ ಹಾನಿ ಸಾಮಾನ್ಯವಾಗಿ ಸದ್ದಿಲ್ಲದ್ದು. ಮೂತ್ರ ಎಂದಿನಂತೆ ಹೋಗುತ್ತಿದ್ದರೂ ಕ್ರಿಯೇಟಿನಿನ್ ಒಳಗೇ ಏರುತ್ತಿರಬಹುದು. 48 ಗಂಟೆಯೊಳಗೆ 0.3 ಏರಿದರೆ, ಅಥವಾ ಏಳು ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾದರೆ, ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೆಂದು ಅರ್ಥ. ಮರುದಿನ ಬೆಳಿಗ್ಗೆ ನೋಡಿದರೆ ಏನೂ ಕಾಣದೆ ಹೋಗಬಹುದು. ಎರಡನೆಯ, ಮೂರನೆಯ ದಿನ ನೋಡಬೇಕು. ಆ ಹೊತ್ತಿಗೆ ರೋಗಿ ಊರಿನಲ್ಲಿರುತ್ತಾರೆ, ಸುಸ್ತಿಗೆ ಮತ್ತದೇ ನೋವಿನ ಮಾತ್ರೆ ನುಂಗಿರುತ್ತಾರೆ. ಒಂದು ಕ್ರಿಯೇಟಿನಿನ್ ಪರೀಕ್ಷೆಗೆಂದು ಅವರನ್ನು ಮತ್ತೆ ಶಿವಮೊಗ್ಗಕ್ಕೆ ಕರೆಸುವುದು ನ್ಯಾಯವಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟರೆ ಸಾಕು. ಅದನ್ನು ನೆನಪಿಸಲು ನಮ್ಮಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರೇ, ಆಶಾ ಕಾರ್ಯಕರ್ತೆಯರಿದ್ದಾರೆ. ಸ್ಕ್ಯಾನ್ ಮಾಡಿದ ಆಸ್ಪತ್ರೆಯ ಶುಶ್ರೂಷಾಧಿಕಾರಿ ಅವರಿಗೊಂದು ಫೋನ್ ಮಾಡುವ ವ್ಯವಸ್ಥೆಯಾದರೆ ಸರಪಳಿ ಕೂಡಿಕೊಳ್ಳುತ್ತದೆ. ಎಲ್ಲರಿಗೂ ಬೇಡ, ಅಪಾಯದ ಗಡಿಯಲ್ಲಿರುವ ಕೆಲವರಿಗೆ ಮಾತ್ರ.

ಇದರ ಜೊತೆಗೇ ಸೇರಿದ್ದು ರೆಫರಲ್ ರೋಗಿಯ ಪಾಡು. ಇಲ್ಲಿ ಡೈ ಹಾಕಿ ಸಿ.ಟಿ. ಮಾಡಿಸಿದವರು ಮರುದಿನ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಕಳಿಸುವ ಹಾಳೆಯಲ್ಲಿ ಡೈ ಕೊಟ್ಟ ಮಾತೇ ಇರುವುದಿಲ್ಲ, ಚಿತ್ರಗಳಿರುವ ಸಿ.ಡಿ. ಮನೆಯಲ್ಲಿ ಉಳಿದಿರುತ್ತದೆ, ಅಲ್ಲಿ ಮತ್ತೊಮ್ಮೆ ಡೈ ಹಾಕುತ್ತಾರೆ. ಎರಡು ದಿನದೊಳಗೆ ಎರಡು ಬಾರಿ. ಡೈಯ ಹೆಸರು, ಎಷ್ಟು ಮಿ.ಲೀ., ಯಾವ ದಿನ, ಎಷ್ಟು ಗಂಟೆಗೆ, ಆಗಿನ ಇಜಿಎಫ್‌ಆರ್ ಎಷ್ಟು ಎಂಬ ಐದು ಮಾಹಿತಿಯನ್ನು ಬರೆದ ಒಂದು ಚೀಟಿ ರೋಗಿಯ ಕೈಯಲ್ಲಿದ್ದರೆ, ಮುಂದಿನ ಆಸ್ಪತ್ರೆಯ ವೈದ್ಯರು ಯೋಚಿಸಿ ತೀರ್ಮಾನಿಸಬಲ್ಲರು.

ಇನ್ನು ಅಧಿಕಾರದ ಮಾತು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಕ್ರಿಯೇಟಿನಿನ್ ವರದಿಯೇ ಇಲ್ಲದೆ ಸ್ಕ್ಯಾನಿಂಗ್‌ಗೆ ಬಂದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರನ್ನು, ತುರ್ತಿಲ್ಲದ ಪರೀಕ್ಷೆಯಾದ್ದರಿಂದ ವರದಿ ಬರುವವರೆಗೆ ಕೂರಿಸಿದ ಕಿರಿಯ ಸಹೋದ್ಯೋಗಿಯೊಬ್ಬಳು ಎಲ್ಲರೆದುರು ಬೈಸಿಕೊಂಡಳು. ‘ಸರದಿ ನಿಲ್ಲಿಸಲು ನೀನು ಯಾರು?’ ಎಂಬುದು ಪ್ರಶ್ನೆ. ವರದಿ ಬಂದಾಗ ಅವಳು ತಡೆದದ್ದು ಸರಿಯಾಗಿತ್ತು. ಆದರೂ ಅಂದಿನಿಂದ ಅಲ್ಲಿ ಯಾರೂ ಯಾರನ್ನೂ ನಿಲ್ಲಿಸಲಿಲ್ಲ. ಆ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇರಬೇಕೆಂಬುದೇ ಈ ಪತ್ರದ ಕೋರಿಕೆ. ಪಾರ್ಶ್ವವಾಯು, ಹೃದಯಾಘಾತ, ಅಪಘಾತದ ಒಳಗಾಯ ಇಂಥವುಗಳಲ್ಲಿ ವರದಿಗಾಗಿ ಒಂದು ನಿಮಿಷವೂ ಕಾಯಬಾರದು, ಅದನ್ನೂ ಆದೇಶದಲ್ಲಿ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಉಳಿದ ಪರೀಕ್ಷೆಗಳಲ್ಲಿ, ಅಪಾಯದ ಲಕ್ಷಣವಿರುವ ರೋಗಿಯ ಇಜಿಎಫ್‌ಆರ್ ತಿಳಿಯದಿದ್ದರೆ ಅಥವಾ ಗಡಿಗಿಂತ ಕೆಳಗಿದ್ದರೆ, ಕಳಿಸಿದ ವೈದ್ಯರು ಮತ್ತು ರೇಡಿಯಾಲಜಿಸ್ಟ್ ಮಾತಾಡಿ ತೀರ್ಮಾನ ಬರೆಯುವವರೆಗೆ ಶುಶ್ರೂಷಾಧಿಕಾರಿ ಮತ್ತು ತಂತ್ರಜ್ಞರು ಕಾಯಬಹುದು, ಅದಕ್ಕಾಗಿ ಅವರನ್ನು ಹೊಣೆ ಮಾಡುವಂತಿಲ್ಲ ಎಂಬ ಒಂದು ವಾಕ್ಯ ಸಾಕು.

ಇದು ನನ್ನೊಬ್ಬಳ ಕಲ್ಪನೆಯಲ್ಲ. ಅಮೆರಿಕದ ಈಶಾನ್ಯ ಭಾಗದ ಕೆಲವು ಆಸ್ಪತ್ರೆಗಳು ಒಟ್ಟಾಗಿ, ಆಂಜಿಯೋಗ್ರಾಂ ರೋಗಿಗಳು ಮೊದಲು ಮತ್ತು ಆಮೇಲೆ ನೀರು ಕುಡಿಯುವಂತೆ ನೋಡಿಕೊಂಡು, ಅನಗತ್ಯ ಉಪವಾಸ ತಗ್ಗಿಸಿ, ಸಲೈನ್ ಆದೇಶವನ್ನು ಏಕರೂಪಗೊಳಿಸಿ, ಡೈಯ ಪ್ರಮಾಣ ಕಡಿಮೆ ಮಾಡಿದವು. ಮೂತ್ರಪಿಂಡದ ಹಾನಿ ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯಿತೆಂದು 2014ರಲ್ಲಿ ಪ್ರಕಟವಾದ ಅವರ ವರದಿ ಹೇಳುತ್ತದೆ. ಅಲ್ಲಿ ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಇರಲಿಲ್ಲ; ವೈದ್ಯರು, ಶುಶ್ರೂಷಕರು, ತಂತ್ರಜ್ಞರು ಒಂದೇ ಕ್ರಮವನ್ನು ಪಾಲಿಸಿದ್ದರು.

ಕೆಲಸದ ಹೊರೆ ನನಗೆ ಗೊತ್ತಿಲ್ಲದ್ದಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಡೀ ವಾರ್ಡು ನೋಡುವ ಸಿಸ್ಟರ್‌ಗೆ ಇನ್ನೊಂದು ನೋಂದಣಿ ಪುಸ್ತಕ ಹೊರಿಸಿದರೆ ಅದು ಭರ್ತಿಯಾಗುವುದು ಪಾಳಿ ಮುಗಿಯುವಾಗ, ಒಂದೇ ಪೆನ್ನಿನಲ್ಲಿ, ಒಂದೇ ಬಗೆಯ ಉತ್ತರಗಳಿಂದ. ಆದ್ದರಿಂದ ಹೊಸ ಪುಸ್ತಕ ಬೇಡ. ಈಗಿರುವ ಸ್ಕ್ಯಾನಿಂಗ್ ಕೋರಿಕೆಯ ಹಾಳೆಯ ಹಿಂಬದಿ ಖಾಲಿ ಇದೆ. ಇಜಿಎಫ್‌ಆರ್, ಕೊನೆಯ ಬಾರಿ ನೀರು ಕುಡಿದ ಹೊತ್ತು, ನೋವಿನ ಮಾತ್ರೆ, ಮೆಟ್‌ಫಾರ್ಮಿನ್, ಇತ್ತೀಚೆಗೆ ಹಾಕಿಸಿಕೊಂಡ ಡೈ, ಮರುಪರೀಕ್ಷೆಯ ದಿನ ಇಷ್ಟಕ್ಕೆ ಅಲ್ಲಿ ಜಾಗವಿದೆ.

ಆ ಹಾಳೆಯ ಕನ್ನಡ ಕರಡನ್ನೂ, ರೋಗಿಗೆ ಕೊಡುವ ಚೀಟಿಯ ಕರಡನ್ನೂ ನಾವು ಕೆಲವು ಶುಶ್ರೂಷಾಧಿಕಾರಿಗಳು ಸೇರಿ ಸಿದ್ಧಪಡಿಸಿ ಕೊಡುತ್ತೇವೆ. ಮೂತ್ರಪಿಂಡ ತಜ್ಞರೂ ರೇಡಿಯಾಲಜಿ ವಿಭಾಗದವರೂ ತಿದ್ದಲಿ. ಒಂದು ತಾಲ್ಲೂಕು ಆಸ್ಪತ್ರೆ ಮತ್ತು ಜಿಲ್ಲಾ ಕೇಂದ್ರದ ಒಂದು ಸ್ಕ್ಯಾನಿಂಗ್ ವಿಭಾಗದಲ್ಲಿ ಮೊದಲು ನಡೆಸಿ ನೋಡಿ, ತೊಡಕುಗಳನ್ನು ಸರಿಪಡಿಸಿ ಆಮೇಲೆ ಜಿಲ್ಲೆಗೆಲ್ಲ ವಿಸ್ತರಿಸಬಹುದು. ಸೊಂಟನೋವಿನ ಮಾತ್ರೆ ಹೆಚ್ಚು ಖರ್ಚಾಗುವ ಅಡಿಕೆ ಕೊಯ್ಲಿನ ಕಾಲಕ್ಕೆ ಮುಂಚೆ ಇದು ಆರಂಭವಾಗುವಂತೆ ತಾವು ಸಭೆ ಕರೆಯಬೇಕೆಂದೂ, ಆ ಸಭೆಗೆ ವಾರ್ಡಿನಲ್ಲಿ ಈಗ ಕೆಲಸ ಮಾಡುತ್ತಿರುವ ಶುಶ್ರೂಷಾಧಿಕಾರಿಗಳನ್ನೂ ಆಹ್ವಾನಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಹಿರಿಯ ಶುಶ್ರೂಷಾಧಿಕಾರಿ